ಮೀನು ಹಿಡಿಯದ ಎಂಜಿನ್

ರತೀಶನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತೋಲ್ಪೆಟ್ಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಅವನ ಜಾಗದಲ್ಲಿ ನಿಂತು ನೋಡಿದರೆ ಸಿಟ್ಟು ಬಾರದವನು ಮನುಷ್ಯನೇ ಅಲ್ಲ. ಕುಟ್ಟಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅವನದೊಂದು ತಗಡಿನ ಶೆಡ್ಡು. ಬೈಕು, ಆಟೋ, ಪಂಚರ್ ಆದ ಟಯರು, ಇವೆಲ್ಲ ಅಲ್ಲಿಗೆ ಬರುತ್ತವೆ. ಜೀಪಿನದೋ ಟ್ರ್ಯಾಕ್ಟರಿನದೋ ಎಂಜಿನ್ ಬಿಚ್ಚಬೇಕು ಎಂದಾಯಿತೋ, ಅದೇ ಜನ ಗಾಡಿಗೆ ಹಗ್ಗ ಕಟ್ಟಿ, ಅವನ ಶೆಡ್ಡಿನ ಮುಂದೆಯೇ ಎಳೆದುಕೊಂಡು ಮಾನಂತವಾಡಿಗೆ ಹೋಗುತ್ತಾರೆ. ಮಾನಂತವಾಡಿಯ ಮೋಹನನ್ ಆಶಾನ್ ಎಂಬ ಗುರುವಿನ ಹತ್ತಿರ ವರ್ಷಗಟ್ಟಲೆ ಲಾರಿ ಎಂಜಿನ್ನುಗಳ ಹೊಟ್ಟೆಯೊಳಗೆ ಕೈ ಹಾಕಿ ಕಲಿತವನು ರತೀಶ. ಆದರೂ ಕಾಡಂಚಿನ ಆದಿವಾಸಿ ಕಾಲನಿಯ ಬೈರನ ಮಗ ದೊಡ್ಡ ಎಂಜಿನ್ ಕೂಡಿಸುತ್ತಾನೆ ಎಂದರೆ ಜನಕ್ಕೆ ನಂಬಿಕೆ ಬರದು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಸುಮ್ಮನೆ ಮುಂದೆ ಹೋಗುತ್ತಾರೆ.

ಅಂಥವನ ಶೆಡ್ಡಿಗೆ ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಪಯ್ಯಂಪಳ್ಳಿಯ ಪದ್ಮರಾಜ ಗೌಡರು ಬಂದರು. ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಬಂದು ವಯನಾಡಿನಲ್ಲಿ ನೆಲೆ ನಿಂತ ಜೈನರ ಮನೆ ಅವರದು. ಗದ್ದೆಯಲ್ಲಿ ಗಂಧಕಶಾಲೆ ಭತ್ತ, ಗುಡ್ಡದಲ್ಲಿ ಕಾಫಿ ಮತ್ತು ಮೆಣಸು. ವಯಸ್ಸು ಎಪ್ಪತ್ತು ದಾಟಿದ್ದರೂ ಮಾತು ಮಾತ್ರ ಇಪ್ಪತ್ತರ ಹುಡುಗನದು. ಅವರ ತಂದೆಯ ಕಾಲದ ಫಾರ್ಗೋ ಲಾರಿಯೊಂದು ಮನೆಯ ಹಿಂದಿನ ಮಾಡಿನಡಿಯಲ್ಲಿ ಎಷ್ಟೋ ವರ್ಷಗಳಿಂದ ನಿಂತೇ ಇತ್ತು. ಒಮ್ಮೆ ಘಟ್ಟ ಹತ್ತುವಾಗ ಕಾದು ಎಂಜಿನ್ನಿನ ಬ್ಲಾಕು ಸೀಳಿತ್ತು. ಈಗ ಗೌಡರಿಗೆ ಒಂದೇ ಆಸೆ: ಈ ಸಲದ ಭತ್ತ ಅದೇ ಲಾರಿಯಲ್ಲಿ ಮಿಲ್ಲಿಗೆ ಹೋಗಬೇಕು, ತಾವೇ ಓಡಿಸಬೇಕು. ಆಸೆಗೆಲ್ಲ ಯಾರು ಕಾರಣ ಇಟ್ಟುಕೊಂಡಿರುತ್ತಾರೆ?

"ಮಾನಂತವಾಡೀಲಿ ಎಲ್ಲರೂ ತೂಕಕ್ಕೆ ಹಾಕಿ ಅಂದ್ರು ರತೀಶ. ನೀನೂ ಅದೇ ಹೇಳಾದಾದ್ರೆ ಈಗ್ಲೇ ಹೇಳು, ಮನೆಗೆ ಹೋಯ್ತೀನಿ," ಎಂದರು.

"ಅಂದ್ರೆ ಊರೆಲ್ಲ ಸುತ್ತಿ ಕೊನೇಗೆ ನನ್ನ ನೆನಪಾಯ್ತು ಗೌಡರಿಗೆ."

"ಹೌದು. ಸುಳ್ಳು ಹೇಳ್ಲಾ?"

ಈ ಒಂದು ಮಾತಿಗೆ ರತೀಶ ಕರಗಿದ. ನಯವಾಗಿ ಸುತ್ತಿ ಬಳಸಿ ಹೇಳಿದ್ದರೆ ಅವನ ಸ್ಪ್ಯಾನರು ಎಲ್ಲಿಗೆ ಹಾರುತ್ತಿತ್ತೋ ಗೊತ್ತಿಲ್ಲ. ಕೈ ಒರೆಸಿಕೊಂಡು ಬೈಕು ಹತ್ತಿ ಪಯ್ಯಂಪಳ್ಳಿಗೆ ಹೋದ, ಲಾರಿಯ ಕೆಳಗೆ ಮಲಗಿ ನೋಡಿದ. ಸೀಳು ಬೆರಳು ಹೋಗುವಷ್ಟಿತ್ತು.

"ಇದು ಹೊಲಿಗೆ ಹಾಕಿ ಉಳಿಸೋ ಗಾಯ ಅಲ್ಲ. ಇದೇ ಜಾತಿ ಬೇರೆ ಎಂಜಿನ್ ಬೇಕು. ಸಿಕ್ರೆ ನಾ ಕೂಡುಸ್ತೀನಿ," ಎಂದ.

ಹೇಳುವುದು ಸುಲಭ, ಸಿಗಬೇಕಲ್ಲ. ಆ ಎಂಜಿನ್ ಬರುತ್ತಿದ್ದ ಲಾರಿಗಳೆಲ್ಲ ಎಂದೋ ಗುಜರಿ ಸೇರಿ ಕಬ್ಬಿಣದ ಸಲಾಕೆಯಾಗಿ ಯಾರದೋ ತಾರಸಿಯೊಳಗೆ ಮಲಗಿವೆ. ರತೀಶ ಸಿಕ್ಕಸಿಕ್ಕವರಿಗೆಲ್ಲ ಫೋನು ಮಾಡಿದ. ಅದೇ ಎಂಜಿನ್ನನ್ನು ಹಿಂದೆ ಬೋಟುಗಳಿಗೂ ಹಾಕುತ್ತಿದ್ದರು, ಬೇಪೂರಿನಲ್ಲಿ ಬೋಟು ಒಡೆಯುವವರ ಬಳಿ ನೋಡು ಎಂದು ಕೋಯಿಕ್ಕೋಡಿನ ಒಬ್ಬ ಹೇಳಿದ. ಮರುದಿನವೇ ಇಬ್ಬರೂ ಬಾಡಿಗೆ ಪಿಕಪ್ ಮಾಡಿಕೊಂಡು ಘಟ್ಟ ಇಳಿದರು.

ಬೇಪೂರಿನ ಯಾರ್ಡಿನ ಯಜಮಾನ ಪ್ರಜಿತ್ ಒಳ್ಳೆಯ ಮನುಷ್ಯ. ಬೇಕಾದ ಎಂಜಿನ್ನುಗಳನ್ನು ಸಾಲಾಗಿ ತೋರಿಸಿದ. ರತೀಶನ ಕಣ್ಣು ಮೊದಲನೆಯದರ ಮೇಲೇ ನಿಂತಿತು. ಆದರೆ ಪದ್ಮರಾಜ ಗೌಡರು ಶಲ್ಯದ ತುದಿಯನ್ನು ಮೂಗಿಗೆ ಹಿಡಿದುಕೊಂಡು, ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ, "ಇದು ಏನು ಕೆಲಸ ಮಾಡ್ತಿತ್ತು?" ಎಂದು ಮಲಯಾಳದಲ್ಲಿ ಕೇಳಿದರು.

"ಮೀನು ಹಿಡಿತಿತ್ತು," ಎಂದ ಪ್ರಜಿತ್.

"ಇದು?"

"ಇದೂ ಮೀನಿನ ಬೋಟಿಂದೇ."

"ಅದು?"

ಪ್ರಜಿತ್ ರತೀಶನ ಮುಖ ನೋಡಿದ. ಬೇಪೂರಿನಲ್ಲಿ ಬೋಟು ಮತ್ತೇನು ಮಾಡಬೇಕು?

ಗೌಡರು ರತೀಶನನ್ನು ಪಕ್ಕಕ್ಕೆ ಕರೆದು ಕನ್ನಡದಲ್ಲಿ ಹೇಳಿದರು: "ಇದ ನಮ್ಮ ಅಂಗಳಕ್ಕೆ ತರೂಕೆ ಆಗಲ್ಲ. ಎಷ್ಟು ಜೀವ ಹೋಗಿದ್ದಾವು ಇದರಿಂದ, ಲೆಕ್ಕ ಉಂಟಾ?"

"ಎಂಜಿನ್ ಮೀನು ಹಿಡಿಯಲ್ಲ ಗೌಡರೆ. ಬಲೆ ಹಿಡಿತದೆ."

"ಬಲೇನ ಅಲ್ಲೀಗಂಟ ಕರ್ಕೊಂಡು ಹೋದದ್ದು ಯಾರು?"

ರತೀಶನ ಮನೆಯಲ್ಲಿ ಆ ಬೆಳಿಗ್ಗೆಯೂ ಮತ್ತಿ ಮೀನಿನ ಸಾರು ಕುದಿದಿತ್ತು. ಕೊನೆಗೆ ಪ್ರಜಿತ್ ಯಾರ್ಡಿನ ಹಿಂಬದಿಗೆ ಕರೆದೊಯ್ದ. ಅಲ್ಲಿ ಒಂದು ಹಳೆಯ ಲಾಂಚಿನ ಎಂಜಿನ್ನುಗಳಿದ್ದವು. ಬಂದರಿಗೆ ಬರುವ ಹಡಗುಗಳ ಬಳಿಗೆ ಜನರನ್ನು ಕೊಂಡೊಯ್ಯುತ್ತಿದ್ದ ಲಾಂಚು, ಹುಟ್ಟಿದಾಗಿನಿಂದ ಒಂದು ಸಿಗಡಿಯನ್ನೂ ಹಿಡಿದಿರಲಿಲ್ಲ. ಒಂದೇ ಲಾಂಚಿಗೆ ಎರಡು ಎಂಜಿನ್, ಒಂದು ಎಡಗಡೆಗೆ, ಇನ್ನೊಂದು ಬಲಗಡೆಗೆ. ರತೀಶ ಎರಡಕ್ಕೂ ಸಲಾಕೆ ಹಾಕಿ ತಿರುಗಿಸಿ ನೋಡಿದ. ಎರಡೂ ಸಡಿಲವಾಗಿದ್ದವು, ಎರಡೂ ಬ್ಲಾಕು ಗಟ್ಟಿ.

"ಯಾವುದು ಬೇಕು?" ಎಂದ ಪ್ರಜಿತ್.

"ಬಲಗಡೆದು," ಎಂದರು ಗೌಡರು, ಅದನ್ನೂ ಕೇಳಬೇಕೇ ಎಂಬಂತೆ. ಒಳ್ಳೆಯ ಕೆಲಸಕ್ಕೆ ಹೊರಟವನು ಬಲಗಾಲನ್ನು ಮುಂದಿಡುತ್ತಾನೆ, ಎಡಗಾಲನ್ನಲ್ಲ. ಕಡಲಿನವನಾದ ಪ್ರಜಿತನಿಗೆ, ಇವರು ಗೊತ್ತಿದ್ದೇ ಕೇಳುತ್ತಿದ್ದಾರೆ ಅನಿಸಿತು. ಇನ್ನೆರಡು ಮಾತಾಡಲು ಪುರುಸೊತ್ತೂ ಇರಲಿಲ್ಲ. ಸೂರ್ಯ ಮುಳುಗುವ ಮೊದಲು ಗೌಡರ ಊಟ ಮುಗಿಯಬೇಕಿತ್ತು, ಹೆಂಡತಿ ಸರೋಜಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಈ ವಾಸನೆಯಲ್ಲಿ ಬಿಚ್ಚಲು ಅವರು ಸಿದ್ಧರಿರಲಿಲ್ಲ. ಎಂಜಿನ್ನನ್ನು ಪಿಕಪ್ಪಿಗೆ ಏರಿಸಿ ಹೊರಟೇಬಿಟ್ಟರು.

ಅಲ್ಲಿಂದ ಮುಂದೆ ರತೀಶನಿಗೆ ಬೇರೆ ಲೋಕವೇ ಇಲ್ಲವಾಯಿತು. ಶೆಡ್ಡಿನ ನಡುವೆ ಮರದ ದಿಮ್ಮಿಗಳ ಮೇಲೆ ಎಂಜಿನ್ ಕೂತಿತು. ಮೀನು ಹಿಡಿಯದಿದ್ದರೂ ಮೀನಿನ ನೆರೆಯಲ್ಲಿ ಬದುಕಿದ್ದು ತಾನೇ ಎಂದು ಸರೋಜಮ್ಮ ಒಂದು ಚೀಲ ಅಂಟುವಾಳದ ಪುಡಿ ಕಳಿಸಿದರು. ಡೀಸೆಲಿನಲ್ಲಿ ತೊಳೆದ ಮೇಲೆ ಅದರಲ್ಲೂ ತೊಳೆಯಬೇಕಂತೆ. ರತೀಶ ಬೈದುಕೊಂಡೇ ತೊಳೆದ. ಮೋಹನನ್ ಆಶಾನ್ ಕಲಿಸಿದ ಪಾಠ ಒಂದೇ: ಬಿಚ್ಚಿದ ಹಾಗೇ ಕೂಡಿಸು, ನಿನ್ನ ಬುದ್ಧಿ ಸೇರಿಸಬೇಡ. ಅದರಂತೆ ಪ್ರತಿ ಗೇರಿನ ಹಲ್ಲಿಗೂ ಪ್ರತಿ ಬೋಲ್ಟಿಗೂ ಉಳಿಯಿಂದ ಗುರುತು ಹಾಕಿ ಬಿಚ್ಚಿದ. ಕೊಯಮತ್ತೂರಿನಿಂದ ಪಿಸ್ಟನ್, ಲೈನರ್ ತರಿಸಿದ. ಬೇರಿಂಗಿಗೆ ನೀಲಿ ಬಣ್ಣ ಸವರಿ, ಎಲ್ಲಿ ತಾಗುತ್ತದೆ ಎಂದು ನೋಡಿ, ಕೆರೆದು, ಮತ್ತೆ ಸವರಿ ನೋಡಿದ. ವಾಲ್ವುಗಳನ್ನು ಕೈಯಿಂದಲೇ ಉಜ್ಜಿ ಕೂರಿಸಿದ. ನಡುನಡುವೆ ಬೈಕು ತಂದವರನ್ನು ನಾಳೆ ಬಾ ಎಂದು ಅಟ್ಟಿದ.

"ಬಾಣಂತಿ ನೋಡ್ಕೊಂಡಂಗೆ ನೋಡ್ಕತಿದ್ದೀಯ. ನನಗೆ ಹೆರಿಗೆ ಆದಾಗ ಇಷ್ಟು ಮಾಡ್ಲಿಲ್ಲ ನೀ," ಎಂದಳು ಹೆಂಡತಿ ಸಜಿತ, ಚಹಾ ತಂದಿಡುತ್ತ.

"ಇದೊಂದು ಶರಿ ಓಡ್ಲಿ ಸಜಿತ. ಆಮೇಲೆ ನೋಡು. ಒಬ್ಬನೂ ಈ ಶೆಡ್ಡು ದಾಟಿ ಹೋಗಬಾರ್ದು."

ಅವಳು ನಗಲಿಲ್ಲ. ಅವನಿಗೆ ಅದೆಷ್ಟು ಬೇಕಿದೆ ಎಂದು ಅವಳಿಗೆ ಗೊತ್ತಿತ್ತು.

ಡ್ರಮ್ಮಿನಿಂದ ನೀರಿನ ಪೈಪು ಕೊಟ್ಟು, ದಿಮ್ಮಿಯ ಮೇಲೆಯೇ ಎಂಜಿನ್ ಶುರು ಮಾಡಿದ ದಿನ ಗೌಡರೂ ಇದ್ದರು. ಒಂದು ಕೆಮ್ಮು, ಒಂದಿಷ್ಟು ಬಿಳಿ ಹೊಗೆ, ಆಮೇಲೆ ಆರೂ ಸಿಲಿಂಡರು ಒಂದೇ ಉಸಿರಿಗೆ ಕೂಡಿಕೊಂಡವು. ಮೇಲೆ ಇಟ್ಟ ಗ್ಲಾಸಿನಲ್ಲಿ ನೀರು ಅಲುಗಲಿಲ್ಲ. ರತೀಶ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದ. ಅಷ್ಟು ಸುಖ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ಅವನು ಸಜಿತಳಿಗೆ ಮಾತ್ರ ಹೇಳಿಲ್ಲ.

ಲಾರಿಗೆ ಎಂಜಿನ್ ಕೂರಿಸಿ ಓಡಿಸುವ ದಿನ ಪಯ್ಯಂಪಳ್ಳಿಯ ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ಗೌಡರು ಗುಟ್ಟು ಇಟ್ಟುಕೊಳ್ಳುವ ಜನವಲ್ಲ. ಸರೋಜಮ್ಮ ಲಾರಿಯ ಮೂತಿಗೆ ಮಲ್ಲಿಗೆ ಹಾರ ಹಾಕಿ ಕಾಯಿ ಒಡೆದರು. ಎಂಜಿನ್ ಶುರುವಾದ ಕೂಡಲೇ ಹಾರ ಫ್ಯಾನಿನ ಸೆಳೆತಕ್ಕೆ ಒಳಗೆ ಅಂಟಿಕೊಳ್ಳುವ ಬದಲು ಹೊರಗೆ ಹಾರಾಡಿತು. ಗಾಳಿ ಇರಬೇಕು ಎಂದುಕೊಂಡ ರತೀಶ. ಚಹಾದಂಗಡಿಯ ಷಿಬು ಫೋನು ಮೇಲೆತ್ತಿ ವಿಡಿಯೋ ಮಾಡುತ್ತಿದ್ದ. ಗೌಡರು ಸ್ಟೇರಿಂಗು ಹಿಡಿದು, ಮೊದಲ ಗೇರಿಗೆ ಹಾಕಿ, ರಾಜಠೀವಿಯಲ್ಲಿ ಜನರಿಗೆ ಕೈ ಬೀಸಿ ಕ್ಲಚ್ಚು ಬಿಟ್ಟರು.

ಲಾರಿ ಹಿಂದಕ್ಕೆ ಹೋಯಿತು.

ಕೈ ಬೀಸುತ್ತಲೇ ಹೋದರು ಗೌಡರು, ಹೋಗಿ ಹುಲ್ಲಿನ ಬಣವೆಯೊಳಗೆ ಸೇರಿಕೊಂಡರು. ಬಣವೆ ಮೆಲ್ಲಗೆ ಲಾರಿಯ ಮೇಲೆ ಕುಸಿಯಿತು. ಗೇರು ತಪ್ಪಾಯಿತೇನೋ ಎಂದು ಮತ್ತೆ ನೋಡಿದರು. ಎರಡನೆಯದಕ್ಕೆ ಹಾಕಿದರೆ ಇನ್ನೂ ಜೋರಾಗಿ ಹಿಂದಕ್ಕೆ. ಕೊನೆಗೆ ರಿವರ್ಸ್ ಹಾಕಿದಾಗ ಲಾರಿ ಹುಲ್ಲಿನ ಟೋಪಿ ಹೊತ್ತು ನೇರ ಮುಂದಕ್ಕೆ ಬಂದಿತು. ಅಂಗಳದಲ್ಲಿ ನಗದವರು ಇಬ್ಬರೇ, ರತೀಶ ಮತ್ತು ಸಜಿತ.

ಗೌಡರು ಅಲ್ಲಿಂದಲೇ ಬೇಪೂರಿಗೆ ಫೋನು ಮಾಡಿದರು. ಪ್ರಜಿತ್ ಎಲ್ಲ ಕೇಳಿ ಹೇಳಿದ: "ಎರಡು ಎಂಜಿನ್ನಿನ ಬೋಟಿನಲ್ಲಿ ಒಂದು ಈ ಕಡೆ ತಿರುಗುತ್ತದೆ, ಒಂದು ಆ ಕಡೆ. ಇಲ್ಲದಿದ್ದರೆ ಬೋಟು ಒಂದೇ ಪಕ್ಕಕ್ಕೆ ಎಳೆಯುತ್ತದೆ. ಲಾರಿಯ ಹಾಗೆ ತಿರುಗುವುದು ಎಡಗಡೆಯದು. ನೀವೇ ಬಲಗಡೆಯದು ಕೇಳಿದಿರಲ್ಲ?" ಎಡಗಡೆಯದು ಈಗ ಎಲ್ಲಿದೆ ಎಂದರೆ, ಅದು ಹೋದ ತಿಂಗಳೇ ಗುಜರಿಗೆ ಹೋಗಿತ್ತು. ಬಿಚ್ಚಿದ ಹಾಗೇ ಕೂಡಿಸು ಎಂಬ ಪಾಠವನ್ನು ರತೀಶ ಅಚ್ಚುಕಟ್ಟಾಗಿ ಪಾಲಿಸಿದ್ದ. ಉಲ್ಟಾ ತಿರುಗುತ್ತಿದ್ದ ಎಂಜಿನ್ನನ್ನು ಉಲ್ಟಾ ತಿರುಗುವ ಹಾಗೆಯೇ, ಒಂದು ಕೂದಲಿನಷ್ಟೂ ತಪ್ಪಿಲ್ಲದೆ ಕೂಡಿಸಿದ್ದ.

ಸಂಜೆಯೊಳಗೆ ಷಿಬುವಿನ ವಿಡಿಯೋ ಕುಟ್ಟದಿಂದ ಕಲ್ಪೆಟ್ಟದವರೆಗೆ ಎಲ್ಲರ ಫೋನಿನಲ್ಲಿತ್ತು. ರತೀಶನಿಗೆ ರಿವರ್ಸ್ ರತೀಶ್ ಎಂದು ಹೆಸರು ಬಿತ್ತು. ಬೈಕಿನವರೂ ಶೆಡ್ಡಿನ ಮುಂದೆ ನಿಧಾನ ಮಾಡಿ, "ರತೀಶೇಟ್ಟಾ, ಬ್ರೇಕ್ ಹಿಡಿದ್ರೆ ಓಡ್ತದಾ?" ಎಂದು ಕೇಳಿ ಹೋಗತೊಡಗಿದರು. ಕೆಲವರು ಹಾಗೆ ಹೋಗಿ ಬೇರೆ ಕಡೆ ರಿಪೇರಿ ಮಾಡಿಸಿಕೊಂಡರು. ರತೀಶ ಯಾರಿಗೂ ಬೈಯಲಿಲ್ಲ. ಅವನು ಬೈಯದಿದ್ದದ್ದಕ್ಕೇ ಸಜಿತಳಿಗೆ ಹೆದರಿಕೆಯಾಯಿತು.

ನಾಲ್ಕಾರು ದಿನ ಕಳೆದು ಗೌಡರು ಬಂದರು. ಬೆಂಚಿನ ಮೇಲೆ ಕೂತು ಬಹಳ ಹೊತ್ತು ಶಲ್ಯ ಸರಿಮಾಡಿಕೊಂಡರು.

"ಮೀನಿನ ಬೋಟಿನ ಎಂಜಿನ್ ಇನ್ನೂ ಅಲ್ಲೇ ಉಂಟಂತೆ. ನಡಿ, ತರಾಣ," ಎಂದರು.

"ನಿಮ್ಮ ಅಂಗಳಕ್ಕಾ?"

"ಸರೋಜನ್ನೂ ಕೇಳ್ದೆ. ಒಂದು ವಾರ ಒಪ್ಪತ್ತು ಊಟ ಮಾಡ್ತೀನಿ ಅಂದ್ಲು. ನಾನೂ ಮಾಡ್ತೀನಿ. ಬಲಗಡೆದು ಬೇಕು ಅಂದವ ನಾನು, ನಗೆಪಾಟಲಾದವ ನೀನು. ಇದು ಶರಿ ಅಲ್ಲ."

ಈ ಮನುಷ್ಯ ಆಲೂಗಡ್ಡೆಯನ್ನೂ ಮುಟ್ಟದವರು.

"ಬ್ಯಾಡ ಗೌಡರೆ. ನನ್ನ ಹೆಸರಿಗೋಸ್ಕರ ನಿಮ್ಮ ನೇಮ ಯಾಕೆ ಕೆಡಬೇಕು? ಏನಾರ ದಾರಿ ನೋಡಾಣ," ಎಂದ. ಯಾವ ದಾರಿಯೂ ಅವನಿಗೆ ಕಾಣುತ್ತಿರಲಿಲ್ಲ.

ಆ ವಾರವೇ ಒಂದು ಜೀಪು ಶೆಡ್ಡಿನ ಮುಂದೆ ನಿಂತಿತು. ಇಳಿದವಳು ವೆಳ್ಳಮುಂಡದ ಗೀತಾಂಜಲಿ, ಅಲ್ಲಿಯ ಅಕ್ಕಿ ಮಿಲ್ಲಿನ ಯಜಮಾನಿ. ಐವತ್ತರ ಹೆಂಗಸು, ಕೂದಲಲ್ಲಿ ಯಾವಾಗಲೂ ಒಂದಿಷ್ಟು ತೌಡು. ಲಾರಿ ಎಂಜಿನ್ ಕೂಡಿಸಿದವನು ನೀನೇನಾ ಎಂದು ಮಲಯಾಳದಲ್ಲಿ ಕೇಳಿದಳು. ಇವಳೂ ನಗಲು ಬಂದವಳು ಎಂದುಕೊಂಡ ರತೀಶ, "ಹೌದು ಚೇಚಿ, ಹಿಂದಕ್ಕೆ ಓಡ್ತದೆ, ನೋಡೂಕೆ ಪಯ್ಯಂಪಳ್ಳಿಗೆ ಹೋಗಿ," ಎಂದು ಬೆನ್ನು ತಿರುಗಿಸಿದ.

"ಅದನ್ನ ಎಲ್ಲರೂ ನೋಡಿ ಆಗಿದೆ. ನಾನು ಶಬ್ದ ಕೇಳಿ ಬಂದೆ," ಎಂದಳು.

ಅವಳ ಮಿಲ್ಲಿನಲ್ಲಿ ಇರುವುದೂ ಅದೇ ಜಾತಿಯ ಎಂಜಿನ್. ಘಟ್ಟದಲ್ಲಿ ಬಿದ್ದ ಒಂದು ಫಾರ್ಗೋದಿಂದ ಅವಳ ಮಾವ ತಂದು ಹಾಕಿದ್ದು. ಮದುವೆಯಾಗಿ ಬಂದಾಗಿನಿಂದ ಅವಳು ಅದರ ಪಕ್ಕದಲ್ಲೇ ನಿಂತು ಬದುಕಿದವಳು. ಈಗ ಅದು ಹೊಗೆ ಉಗುಳುತ್ತದೆ, ಎಣ್ಣೆ ಕುಡಿಯುತ್ತದೆ, ಕಟಕಟ ಎನ್ನುತ್ತದೆ. ವಿಡಿಯೋದಲ್ಲಿ ಜನರ ನಗುವಿನ ಅಡಿಯಿಂದ ಎಂಜಿನ್ನಿನ ಸದ್ದು ಕೇಳಿದಾಗ, ತಾನು ಮದುವೆಯಾಗಿ ಬಂದ ವರ್ಷದ ಸದ್ದು ಇದು ಎಂದು ಅವಳಿಗೆ ಅನಿಸಿತಂತೆ. ಹಾಗಾಗಿ ತನ್ನದನ್ನೂ ಬಿಚ್ಚಿ ಕೂಡಿಸಿಕೊಡಬೇಕು. ಆದರೆ ಇದು ಕೊಯ್ಲಿನ ಕಾಲ, ಮಿಲ್ಲು ಒಂದು ದಿನಕ್ಕಿಂತ ಹೆಚ್ಚು ನಿಲ್ಲಬಾರದು. "ಅದು ಹೇಗೆ ಅಂತ ನೀನೇ ಯೋಚನೆ ಮಾಡು," ಎಂದಳು.

ರತೀಶ ಅವಳ ಜೀಪಿನಲ್ಲೇ ವೆಳ್ಳಮುಂಡಕ್ಕೆ ಹೋದ. ಎಂಜಿನ್ ಒಂದು ಮೂಲೆಯಲ್ಲಿ, ಅಕ್ಕಿ ಮಾಡುವ ಯಂತ್ರ ಇನ್ನೊಂದು ಮೂಲೆಯಲ್ಲಿ, ನಡುವೆ ಓಡುವ ಅಗಲವಾದ ಚಪ್ಪಟೆ ಬೆಲ್ಟು. ಅವನು ಎಂಜಿನ್ನನ್ನು ನೋಡಲೇ ಇಲ್ಲ, ಆ ಬೆಲ್ಟನ್ನೇ ನೋಡುತ್ತ ನಿಂತ. ಆಮೇಲೆ ಸೊಂಟದ ಟವೆಲನ್ನು ಬಿಚ್ಚಿ ಎರಡು ಕೈಗೂ ಸುತ್ತಿ, ನಡುವೆ ಒಂದು ಸಲ ತಿರುಚಿ, ಕೈ ತಿರುಗಿಸಿ ನೋಡಿದ. ಒಂದು ಕೈ ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ ತಿರುಗಿತು. ಗೀತಾಂಜಲಿಗೆ ಇವನಿಗೆ ತಲೆ ಕೆಟ್ಟಿದೆಯೇನೋ ಎಂದು ಅನುಮಾನ ಬಂದಿರಬೇಕು.

"ಚೇಚಿ, ನಿಮ್ಮ ಯಂತ್ರಕ್ಕೆ ಎಂಜಿನ್ ಯಾವ ಕಡೆ ತಿರುಗಿದ್ರೂ ಒಂದೇ," ಎಂದ. "ಬೆಲ್ಟು ತಿರುಚಿ ಹಾಕಿದ್ರೆ ಆಯ್ತು. ವಿಡಿಯೋದಲ್ಲಿ ಕೇಳಿದ್ರಲ್ಲ, ಆ ಎಂಜಿನ್ನೇ ತಂದು ಇಲ್ಲಿ ಕೂರುಸ್ತೀನಿ. ಒಂದೇ ದಿನದ ಕೆಲಸ. ನಿಮ್ಮದು ನನಗೆ ಕೊಡಿ, ಗೌಡರ ಲಾರಿಗೆ ಹಾಕ್ತೀನಿ."

ಅವಳು ಟವೆಲನ್ನು ಇಸಿದುಕೊಂಡು ತಾನೂ ತಿರುಚಿ ನೋಡಿ ಒಪ್ಪಿದಳು. ಗೌಡರನ್ನು ಕೇಳುವ ಮೊದಲೇ ಮಾತು ಕೊಟ್ಟೆನಲ್ಲ ಎಂದು ರತೀಶನಿಗೆ ದಾರಿಯಲ್ಲಿ ನೆನಪಾಯಿತು. ಗೌಡರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಆ ಎಂಜಿನ್ ಇಷ್ಟು ವರ್ಷ ಏನು ಕೆಲಸ ಮಾಡುತ್ತಿತ್ತು ಎಂದು. ಅಕ್ಕಿ ಮಾಡುತ್ತಿತ್ತು ಎಂದಾಗ ಒಳಗಿನಿಂದ ಸರೋಜಮ್ಮ, "ಅನ್ನ ಕೊಟ್ಟ ಎಂಜಿನ್ನು, ಇನ್ನೇನು ಬೇಕು?" ಎಂದರು. ಅಕ್ಕಿಯಲ್ಲಿ ಹುಳ ಇರುವುದಿಲ್ಲವೇ ಎಂದು ಕೇಳಲು ರತೀಶನಿಗೆ ನಾಲಿಗೆ ತುರಿಸಿತು. ಜೀವಮಾನದಲ್ಲಿ ಮೊದಲ ಸಲ ತಡೆದುಕೊಂಡ.

ಮಿಲ್ಲಿನಲ್ಲಿ ಎಂಜಿನ್ ಶುರು ಮಾಡಿದಾಗ ತಿರುಚಿದ ಬೆಲ್ಟು ಒಮ್ಮೆ ಚಟ್ ಎಂದು ಹೊಡೆದು, ನೆಟ್ಟಗೆ ಕೂತು ಓಡಿತು. ಗೀತಾಂಜಲಿ ಯಂತ್ರದ ಬಾಯಿಗೆ ಕೈಯೊಡ್ಡಿ ಮೊದಲ ಹಿಡಿ ಅಕ್ಕಿಯನ್ನು ಹಿಡಿದು ನೋಡಿದಳು. ನುಚ್ಚು ಕಡಿಮೆ ಎಂದಳು, ಅವಳ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ. ತನ್ನ ಕೈಯಿಂದ ಹುಟ್ಟಿದ್ದನ್ನು ಅಲ್ಲಿ ಬಿಟ್ಟು ಬರುವಾಗ ರತೀಶನಿಗೆ ಸಂಕಟವಾಯಿತು, ನಿಜ. ಆದರೆ ಅದು ಸರಿಯಾದ ಮನೆ ಸೇರಿದೆ ಎಂಬ ಸಮಾಧಾನ ಸಂಕಟಕ್ಕಿಂತ ದೊಡ್ಡದಿತ್ತು.

ಮಿಲ್ಲಿನ ಹಳೆಯ ಎಂಜಿನ್ನನ್ನು ಅವನು ಶೆಡ್ಡಿಗೆ ತಂದು ಮತ್ತೆ ಅದೇ ದಿಮ್ಮಿಗಳ ಮೇಲೆ ಇಟ್ಟ. ಈ ಸಲ ಒಂದು ಬೋಲ್ಟು ಬಿಚ್ಚುವ ಮೊದಲು ಎಂಜಿನ್ ಶುರು ಮಾಡಿ, ಯಾವ ಕಡೆ ತಿರುಗುತ್ತದೆ ಎಂದು ಸಜಿತಳನ್ನೂ ಕರೆದು ತೋರಿಸಿದ. ಅವಳು ಅದೇ ಕಡೆಗೆ ಬೆರಳು ಸುತ್ತಿ ತೋರಿಸಿದ ಮೇಲೆಯೇ ಸ್ಪ್ಯಾನರು ಎತ್ತಿಕೊಂಡದ್ದು.

ಮಾಗಿಯ ಚಳಿ ಇಳಿಯುವ ಹೊತ್ತಿಗೆ ಫಾರ್ಗೋ ಮುಂದಕ್ಕೆ ಹೋಯಿತು. ಅಂಗಳದಲ್ಲಿ ಈ ಸಲ ಜನ ಕಡಿಮೆ. ಮುಂದಕ್ಕೆ ಹೋಗುವ ಲಾರಿಯನ್ನು ನೋಡಲು ಯಾರು ಬರುತ್ತಾರೆ? ಷಿಬುವೂ ಫೋನು ತೆಗೆಯಲಿಲ್ಲ. ಗೌಡರು ಗಂಧಕಶಾಲೆಯ ಮೂಟೆಗಳನ್ನು ಹೇರಿಕೊಂಡು, ರತೀಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ವೆಳ್ಳಮುಂಡಕ್ಕೆ ಹೊರಟರು. ದಾರಿಯುದ್ದಕ್ಕೂ ಯಾರು ಸಿಕ್ಕಿದರೂ ಹಾರನ್ ಹೊಡೆದರು, ಯಾರೂ ಸಿಗದಿದ್ದಾಗಲೂ ಹೊಡೆದರು. ಇಷ್ಟು ಸಂತೋಷದಿಂದ ಇಷ್ಟು ಕೆಟ್ಟದಾಗಿ ಲಾರಿ ಓಡಿಸುವವರನ್ನು ರತೀಶ ಕಂಡಿರಲಿಲ್ಲ. ಮಿಲ್ಲಿನ ಬಾಗಿಲಲ್ಲಿ ಲಾರಿ ನಿಂತಾಗ ಒಳಗಿನ ಸದ್ದು ಮತ್ತು ಹೊರಗಿನ ಸದ್ದು ಒಂದೇ ಆಗಿ, ಎರಡರಲ್ಲಿ ಯಾವುದು ಯಾವುದೆಂದು ಅವನಿಗೇ ತಿಳಿಯಲಿಲ್ಲ. ಇಳಿಯದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದ.

ಮರುದಿನ ಬೆಳಿಗ್ಗೆ ಅವನು ಶೆಡ್ಡು ತೆರೆಯುವಾಗ ಒಂದು ಟ್ರ್ಯಾಕ್ಟರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದ ಜೀಪು ರಸ್ತೆಯಲ್ಲಿ ನಿಂತಿತ್ತು. ಟ್ರ್ಯಾಕ್ಟರಿನ ಎಂಜಿನ್ ಜಾಮಾಗಿತ್ತು. ಜೀಪಿನಲ್ಲಿದ್ದವನು ಯಾವುದೋ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಈ ಕಡೆಯವನಲ್ಲ.

"ವೆಳ್ಳಮುಂಡದ ಮಿಲ್ಲಿನ ಎಂಜಿನ್ ಕೂಡಿಸಿದವರು ಇಲ್ಲೇ ಎಲ್ಲೋ ಇದ್ದಾರಂತೆ. ಗೊತ್ತಾ?" ಎಂದ.

"ನಾನೇ," ಎಂದ ರತೀಶ.

ಅವನು ಶೆಡ್ಡನ್ನು ನೋಡಿದ, ರತೀಶನ ಮುಖ ನೋಡಿದ. ಎಲ್ಲೋ ಕಂಡ ಮುಖ ಎಂಬಂತೆ ಯೋಚಿಸಿ, ನಗುವನ್ನು ಕಷ್ಟಪಟ್ಟು ಹಿಡಿದುಕೊಂಡ.

"ಆ ವಿಡಿಯೋದಲ್ಲಿ ಇದ್ದದ್ದು... ರಿವರ್ಸ್ ರತೀಶ್ ಅಂತ..."

"ಅದೂ ನಾನೇ. ವಂಡಿ ಒಳಗೆ ತಳ್ಳಿ."